ಕಾಕಾ, ಇದು ಕಾಯ್ದೇಶೀರ ಐತೇನ್ರಿ?

ಬೆಂಗಳೂರು–ಮುಂಬೈ ಪಂದ್ಯ ಬಂತೆಂದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕನ್ನಡದ ಹಳ್ಳಿಗಳಲ್ಲಿ ಕಟ್ಟೆಗಳೇ ಎರಡು ಪಾಲಾಗುತ್ತವೆ. ಕೂಗಾಟ ಆಟಕ್ಕಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಈಗ ಕೈಯಲ್ಲಿ ಫೋನು, ಫೋನಿನಲ್ಲಿ ರೊಕ್ಕ. ಗಡಿಯ ಆಚೆ ಒಂದು ಕಾಯ್ದೆ, ಈಚೆ ಒಂದು ಕಾಯ್ದೆ, ಎರಡರ ಮೇಲೆ ದೆಹಲಿಯದು ಮತ್ತೊಂದು. ‘ಆಡಿದವರಿಗೆ ಶಿಕ್ಷೆ ಇಲ್ಲ’ ಎಂಬ ಮಾತು ಮಾತ್ರ ಎಲ್ಲರ ಬಾಯಲ್ಲಿದೆ.

ಏಪ್ರಿಲ್ ತಿಂಗಳ ರಾತ್ರಿ. ಹಗಲಿಡೀ ಕಾದ ಕಲ್ಲಿನ ಕಟ್ಟೆ ಇನ್ನೂ ಬಿಸಿ ಉಗುಳುತ್ತಿದೆ. ಉಮದಿ ಕಡೆಯ ಒಂದು ಹಳ್ಳಿಯ ಪಾನ್ ಅಂಗಡಿ ಮುಂದೆ ಹದಿನೈದಿಪ್ಪತ್ತು ಜನ. ಅರ್ಧ ಜನ ಆರ್‌ಸಿಬಿ, ಅರ್ಧ ಜನ ಮುಂಬೈ. ಟಿ.ವಿ.ಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದಾನೆ.

“ಕಾಕಾ, ವಿಕೆಟ್ ಹೋತು.”

ಹೇಳಿದವನು ಟಿ.ವಿ. ನೋಡುತ್ತಿರಲಿಲ್ಲ. ಕಟ್ಟೆಯ ತುದಿಗೆ ಕುಳಿತು ಫೋನಿನ ಬೆಳಕಿನಲ್ಲಿ ಮುಖ ಇಟ್ಟಿದ್ದ.

“ಎಲ್ಲಿ ಹೋತೋ? ಇನ್ನ ಓಡಿ ಬರಾಕತ್ಯಾನ.”

“ಭಾವ ಬಂದ್ ಆತು ನೋಡ್ರಿ. ಏನೋ ಆಗೇತಿ.”

ಬೌಲರ್ ಓಡಿ ಬಂದ. ಚೆಂಡು ಮಿಡ್ ಆಫ್ ಕೈ ಸೇರಿತು. ಅರ್ಧ ಕಟ್ಟೆ ಎದ್ದು ಕುಣಿಯಿತು. ಹುಡುಗ ಕುಣಿಯಲಿಲ್ಲ. ಅವನಿಗೆ ಆ ವಿಕೆಟ್ ಆಗಲೇ ಹಳೆಯ ಸುದ್ದಿ.

ಮೈದಾನದಲ್ಲಿ ನಡೆದದ್ದು ನಮ್ಮ ಟಿ.ವಿ.ಗೆ, ಫೋನಿಗೆ ಬಂದು ಮುಟ್ಟಲು ಹಲವು ಸೆಕೆಂಡು ಬೇಕು. ಭಾವ, ಅಂದರೆ ಬಾಜಿಯ ದರ, ಕಟ್ಟುವವನಿಗೆ ಆ ಸುದ್ದಿ ಮೊದಲೇ ಸಿಕ್ಕಿರುತ್ತದೆ. ವಿಕೆಟ್ ಬಿತ್ತು ಎಂದರೆ ಅವನು ಬಾಗಿಲು ಹಾಕುತ್ತಾನೆ, ಹೊಸ ಭಾವದೊಂದಿಗೆ ಮತ್ತೆ ತೆರೆಯುತ್ತಾನೆ. ಕಟ್ಟೆಯ ಮೇಲಿನ ಹುಡುಗ ಹಚ್ಚುವುದು ಆಗಿಹೋದ ಆಟದ ಮೇಲೆ. ಆ ರಾತ್ರಿ ನಾನು ಇದನ್ನು ಕಣ್ಣಾರೆ ಕಂಡೆ. ಇಷ್ಟು ವರ್ಷ ಕ್ರಿಕೆಟ್ ನೋಡಿದ ನನಗೆ ಎದೆಯಲ್ಲಿ ಏನೋ ಕುಸಿದಂತಾಯಿತು.

ಇನಿಂಗ್ಸ್ ಮುಗಿದ ಮೇಲೆ ಅವನೇ ಬಂದು ಪಕ್ಕದಲ್ಲಿ ಕುಳಿತ. “ಕಾಕಾ, ನೀವು ಪೇಪರ್‌ದಾಗ ಬರೀತೀರಿ. ಇದು ಕಾಯ್ದೇಶೀರ ಐತೇನ್ರಿ? ಆಡಾವ್ರಿಗೆ ಶಿಕ್ಷಾ ಇಲ್ಲಂತ ಎಲ್ಲಾರೂ ಅಂತಾರ.”

ಕಾಯ್ದೇಶೀರ, ಅಂದರೆ ಕಾನೂನುಬದ್ಧ. ನಮ್ಮ ಕಡೆ ಕನ್ನಡದ ನಾಲಿಗೆಗೆ ಮರಾಠಿಯ ಈ ಮಾತು ಎಂದೋ ಒಗ್ಗಿಹೋಗಿದೆ. ಅವನ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇತ್ತು: ಇಲ್ಲ. ಆದರೆ ಅವನನ್ನು ಹಾಳು ಮಾಡಬಹುದಾದದ್ದು ಆ ಪ್ರಶ್ನೆಯ ಎರಡನೆಯ ಅರ್ಧ. ಅದಕ್ಕೆ ಒಂದೇ ಮಾತಿನ ಉತ್ತರ ಸಾಲದು.

ಓಸಿಯಿಂದ ಐಡಿಗೆ

ಜೂಜು ಈ ಸೀಮೆಗೆ ಫೋನಿನ ಜೊತೆ ಬಂದದ್ದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಮುಂಬೈಯಿಂದ ಮಟ್ಕಾ ಬಂತು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಓಸಿ ಎನ್ನುತ್ತಾರೆ. ಓಪನ್, ಕ್ಲೋಸ್ ಎಂಬ ಎರಡು ಮಾತುಗಳ ಮೊದಲಕ್ಷರ ಅದು. ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಮುಂಬೈಯಲ್ಲಿ ಹಣ ಕಟ್ಟುತ್ತಿದ್ದರು. 1960ರ ದಶಕದಲ್ಲಿ ಆ ದರ ಬರುವುದು ನಿಂತಾಗ ಮಡಕೆಯಿಂದ ಚೀಟಿ ಎತ್ತುವ ಪದ್ಧತಿ ಬಂತು. ಹತ್ತಿ ಹೋಯಿತು, ಮಡಕೆಯೂ ಹೋಯಿತು, ಓಪನ್–ಕ್ಲೋಸ್ ಉಳಿಯಿತು. ಚಹಾ ಅಂಗಡಿಯ ಹಿಂದೆ ಚೀಟಿ ಬರೆಯುವವನು ಇರುತ್ತಿದ್ದ. ಅವನ ಮುಖ ಊರಿಗೆಲ್ಲ ಗೊತ್ತಿತ್ತು. ಪೊಲೀಸರು ಬಂದರೆ ಅವನೇ ಮೊದಲು ಓಡುತ್ತಿದ್ದ.

ಈಗ ಚೀಟಿಯ ಜಾಗಕ್ಕೆ ‘ಐಡಿ’ ಬಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಒಂದು ಹೆಸರು, ಒಂದು ಪಾಸ್‌ವರ್ಡ್ ಕಳಿಸುತ್ತಾರೆ. ರೊಕ್ಕ ಹಾಕಲು ಒಂದು ಯುಪಿಐ ನಂಬರು ಬರುತ್ತದೆ. ಅದು ದಿನಕ್ಕೊಂದು. ತಂಡದ ಪರ ಹಚ್ಚಿದರೆ ‘ಲಗಾಯಿ’, ವಿರುದ್ಧ ಹಚ್ಚಿದರೆ ‘ಖಾಯಿ’. ಆರು ಓವರಿಗೆ ಎಷ್ಟು ರನ್ ಆಗುತ್ತದೆ ಎಂಬುದಕ್ಕೆ ‘ಸೆಷನ್’. ಚೀಟಿ ಬರೆಯುವವನ ಮುಖ ಮಾತ್ರ ಕಾಣುವುದಿಲ್ಲ. ಅವನು ಸಾಂಗ್ಲಿಯಲ್ಲಿದ್ದಾನೋ, ದುಬೈಯಲ್ಲಿದ್ದಾನೋ ಹಚ್ಚಿದವನಿಗೆ ತಿಳಿಯದು.

ಒಂದು ರಸ್ತೆ, ಎರಡು ಕಾಯ್ದೆ

ಜತ್ತ ದಫಳೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಜತ್ತವೂ ವಿಜಾಪುರವೂ ಒಂದೇ ಮುಂಬೈ ರಾಜ್ಯದಲ್ಲಿದ್ದವು. ಆಮೇಲೆ ಗೆರೆ ಬಿತ್ತು. ಗುಡ್ಡಾಪುರದ ದಾನಮ್ಮ ಈಚೆ ಉಳಿದಳು, ಅವಳಿಗೆ ನಡೆದುಕೊಂಡು ಬರುವ ಭಕ್ತರು ಆಚೆ ಉಳಿದರು. ನೀರಿಲ್ಲದೆ ಬೇಸತ್ತ ಇಲ್ಲಿನ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರಿಸಿ ಎಂದು ಠರಾವು ಮಾಡಿದ್ದೂ ಉಂಟು. 2022ರ ನವೆಂಬರ್‌ನಲ್ಲಿ ಆಗಿನ ಕರ್ನಾಟಕ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದೇ ಮಾತೆತ್ತಿದಾಗ ಜತ್ತದ 40 ಹಳ್ಳಿಗಳ ಹೆಸರು ದೇಶದ ಸುದ್ದಿಯಾಯಿತು.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ‘ಪಣ ಮತ್ತು ಜೂಜು’ ರಾಜ್ಯಗಳ ಪಟ್ಟಿಯ 34ನೇ ನಮೂದು. ಹೀಗಾಗಿ ಗಡಿ ಬದಲಾದಲ್ಲಿ ಜೂಜಿನ ಕಾಯ್ದೆಯೂ ಬದಲಾಗುತ್ತದೆ. ಉಮದಿಯಲ್ಲಿ 1887ರ ಮುಂಬೈ ಜೂಜು ಪ್ರತಿಬಂಧಕ ಕಾಯ್ದೆ. ಗಡಿಯಾಚೆಯ ಚಡಚಣದಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ.

ಮುಂಬೈ ಕಾಯ್ದೆ ಖಡಾಖಂಡಿತ. ‘ಜೂಜು’ ಎಂದರೆ ಪಣ ಕಟ್ಟುವುದೂ ಸೇರಿತು ಎನ್ನುತ್ತದೆ, ಕುದುರೆ ರೇಸಿನಂಥದ್ದನ್ನು ಮಾತ್ರ ಹೊರಗಿಡುತ್ತದೆ. ಕ್ರಿಕೆಟ್ಟಿಗೆ ಅಲ್ಲಿ ವಿನಾಯಿತಿ ಇಲ್ಲ. ಜೂಜಿನ ಅಡ್ಡೆ ನಡೆಸಿದವನಿಗೂ ಶಿಕ್ಷೆ, ಅಲ್ಲಿ ಕುಳಿತು ಆಡಿದವನಿಗೂ ಶಿಕ್ಷೆ. ‘ಆಡಾವ್ರಿಗೆ ಶಿಕ್ಷಾ ಇಲ್ಲ’ ಎನ್ನುವ ಹುಡುಗರು ಈ ಹಳೆಯ ಕಾಯ್ದೆಯನ್ನು ಮರೆತಿದ್ದಾರೆ.

ಕರ್ನಾಟಕದ ಕಥೆ ಬೇರೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಬೆಟ್ಟಿಂಗ್ ಪ್ರಕರಣದಲ್ಲಿ ಬೆಂಗಳೂರಿನ ಅಪರಾಧ ದಳ ಬೆಳಗಾವಿ ಪ್ಯಾಂಥರ್ಸ್ ತಂಡದ ಮಾಲೀಕರನ್ನು ಬಂಧಿಸಿತು. ಆಟಗಾರರ ಮೇಲೂ ಮೊಕದ್ದಮೆ ಆಯಿತು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ತನ್ನ ಮುಂದೆ ಬಂದವರ ಮೇಲಿನ ದೋಷಾರೋಪವನ್ನು ರದ್ದು ಮಾಡಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ನನ್ನನ್ನು ಬೆಚ್ಚಿಬೀಳಿಸಿತು. ಪೊಲೀಸ್ ಕಾಯ್ದೆಯ ವಿವರಣೆಯಲ್ಲಿ ‘ಅದೃಷ್ಟದ ಆಟ’ದೊಳಗೆ ಕ್ರೀಡೆ ಸೇರುವುದಿಲ್ಲ, ಕ್ರಿಕೆಟ್ ಕ್ರೀಡೆ, ಆದ್ದರಿಂದ ಅದರ ಮೇಲೆ ಪಣ ಕಟ್ಟಿದರೂ ಆ ಕಾಯ್ದೆಯ ‘ಜೂಜು’ ಆಗುವುದಿಲ್ಲ ಎಂದಿತು ಕೋರ್ಟು. ಒಂದೇ ರಸ್ತೆ, ಒಂದೇ ಪಂದ್ಯ. ಈಚೆ ಜೂಜು, ಆಚೆ ಕಾಯ್ದೆಯ ಲೆಕ್ಕಕ್ಕೆ ಜೂಜಲ್ಲ!

ಅದಕ್ಕೂ ಮೊದಲು ಉಲ್ಟಾ ಆಗಿತ್ತು. 2021ರ ಅಕ್ಟೋಬರ್ 5ರಿಂದ ಕರ್ನಾಟಕವು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಐಪಿಎಲ್ ಫೈನಲ್‌ಗೆ ಹತ್ತೇ ದಿನ ಉಳಿದಿತ್ತು. ಫ್ಯಾಂಟಸಿ ಕ್ರಿಕೆಟ್ ಆಡಿಸುವ ಡ್ರೀಮ್11 ಕರ್ನಾಟಕದಲ್ಲಿ ಅಂಗಡಿ ಮುಚ್ಚಿತು, ಮಹಾರಾಷ್ಟ್ರದಲ್ಲಿ ಮುಚ್ಚಲಿಲ್ಲ. ಚಡಚಣದಲ್ಲಿ ತೆರೆಯದ ಆಟ ಉಮದಿಯಲ್ಲಿ ತೆರೆಯುತ್ತಿತ್ತು. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟ್ ಆ ನಿಷೇಧವನ್ನು ಹೊಡೆದುಹಾಕಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ಫ್ಯಾಂಟಸಿ ಆಟಕ್ಕೂ ಬೆಟ್ಟಿಂಗ್‌ಗೂ ಇದ್ದ ವ್ಯತ್ಯಾಸವೇ ಜನರ ತಲೆ ಕೆಡಿಸಿದ್ದು. ಹನ್ನೊಂದು ಆಟಗಾರರನ್ನು ಆರಿಸಿ ತಂಡ ಕಟ್ಟುವುದರಲ್ಲಿ ಜಾಣತನವೇ ಮುಖ್ಯ ಎಂದು 2017ರಲ್ಲಿ ಪಂಜಾಬ್–ಹರಿಯಾಣ ಹೈಕೋರ್ಟ್, 2019ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದ್ದವು. ಯಾವ ತಂಡ ಗೆಲ್ಲುತ್ತದೆ ಎಂದು ರೊಕ್ಕ ಹಚ್ಚುವುದಕ್ಕೆ ಆ ತೀರ್ಪುಗಳು ಯಾವತ್ತೂ ರಕ್ಷಣೆ ಕೊಟ್ಟಿರಲಿಲ್ಲ. ಆದರೆ ಅಂಗಿಯ ಮೇಲೆ ಒಂದು ಕಂಪನಿಯ ಹೆಸರು ಹೊತ್ತು ದೇಶದ ತಂಡವೇ ಆಡುವಾಗ, ಕಟ್ಟೆಯ ಹುಡುಗನಿಗೆ ಈ ಕೂದಲು ಸೀಳುವ ಭೇದ ಯಾರು ತಿಳಿಸಿ ಹೇಳಬೇಕಿತ್ತು?

ಮೂರು ದಿನದ ಕಾಯ್ದೆ

2025ರ ಆಗಸ್ಟ್ 20, ಲೋಕಸಭೆ. 21, ರಾಜ್ಯಸಭೆ. 22, ರಾಷ್ಟ್ರಪತಿಗಳ ಅಂಕಿತ. ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಮೂರು ದಿನದಲ್ಲಿ ಪುಸ್ತಕ ಸೇರಿತು. ಜಾಣತನವೋ ಅದೃಷ್ಟವೋ ಎಂಬ ಆರೇಳು ದಶಕಗಳ ವಾದವನ್ನು ಅದು ಬದಿಗೆ ಸರಿಸಿತು. ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದೇ ಇರಲಿ, ಅದನ್ನು ಆಡಿಸುವುದು ಅಪರಾಧ. ಹೊರದೇಶದಲ್ಲಿ ಕುಳಿತು ಇಲ್ಲಿಯವರಿಗೆ ಆಡಿಸಿದರೂ ಅಪರಾಧ. ವರ್ಷಕ್ಕೆ 45 ಕೋಟಿ ಜನ ಸುಮಾರು ₹20,000 ಕೋಟಿ ಕಳೆದುಕೊಳ್ಳುತ್ತಿದ್ದಾರೆ ಎಂದು ಸರ್ಕಾರ ಅಂದಾಜು ಹೇಳಿತು. ಡ್ರೀಮ್11 ರೊಕ್ಕದ ಆಟ ನಿಲ್ಲಿಸಿತು, ಭಾರತ ತಂಡದ ಅಂಗಿಯಿಂದಲೂ ಹೆಸರು ತೆಗೆಯಿತು.

ಅಂಕಿತ ಬಿದ್ದ ಹೊತ್ತಿನಲ್ಲೇ ಕರ್ನಾಟಕದಲ್ಲಿ ಇನ್ನೊಂದು ಸುದ್ದಿ. ಅಕ್ರಮ ಬೆಟ್ಟಿಂಗ್ ತಾಣಗಳನ್ನು ನಡೆಸಿದ ಆರೋಪದ ಮೇಲೆ ಚಿತ್ರದುರ್ಗದ ಶಾಸಕರೊಬ್ಬರನ್ನು ಜಾರಿ ನಿರ್ದೇಶನಾಲಯವು ಸಿಕ್ಕಿಂನಲ್ಲಿ ಬಂಧಿಸಿತು. ಶೋಧದಲ್ಲಿ ಸುಮಾರು ₹12 ಕೋಟಿ ನಗದು ಸಿಕ್ಕಿತೆಂದು ಹೇಳಿತು. ಆರೋಪ ನಿಲ್ಲುತ್ತದೋ ಬೀಳುತ್ತದೋ ಕೋರ್ಟು ಹೇಳಬೇಕು.

ಹೊಸ ಕಾಯ್ದೆಯನ್ನು ಮೊದಲು ಪ್ರಶ್ನಿಸಿದ್ದೂ ಕರ್ನಾಟಕ ಹೈಕೋರ್ಟಿನಲ್ಲೇ. ಅಲ್ಲಿನ ಅರ್ಜಿಯನ್ನೂ ದೆಹಲಿ, ಮಧ್ಯಪ್ರದೇಶಗಳ ಅರ್ಜಿಗಳನ್ನೂ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು. ಪಣ ಮತ್ತು ಜೂಜು ರಾಜ್ಯಗಳ ವಿಷಯವಾಗಿರುವಾಗ ಸಂಸತ್ತು ಹೀಗೆ ಕಾಯ್ದೆ ಮಾಡಬಹುದೇ ಎಂಬುದು ಅಲ್ಲಿನ ಒಂದು ದೊಡ್ಡ ಪ್ರಶ್ನೆ.

> ಯಾರಿಗೆ ಏನು ಶಿಕ್ಷೆ? (2025ರ ಕಾಯ್ದೆ)
>
> ಆಡಿಸಿದವರಿಗೆ: 3 ವರ್ಷದ ತನಕ ಜೈಲು, ₹1 ಕೋಟಿ ತನಕ ದಂಡ, ಅಥವಾ ಎರಡೂ.
>
> ಜಾಹೀರಾತು ಮಾಡಿದವರಿಗೆ: 2 ವರ್ಷದ ತನಕ ಜೈಲು, ₹50 ಲಕ್ಷ ತನಕ ದಂಡ, ಅಥವಾ ಎರಡೂ. ಸಿನಿಮಾ ನಟನಾಗಲಿ, ರೀಲ್ಸ್ ಮಾಡುವ ಹುಡುಗನಾಗಲಿ ಒಂದೇ.
>
> ಹಣ ಸಾಗಿಸಲು ನೆರವಾದವರಿಗೆ: 3 ವರ್ಷದ ತನಕ ಜೈಲು, ₹1 ಕೋಟಿ ತನಕ ದಂಡ, ಅಥವಾ ಎರಡೂ. ಬ್ಯಾಂಕಿಗಷ್ಟೇ ಅಲ್ಲ, ‘ಇತರ ಯಾವುದೇ ವ್ಯಕ್ತಿ’ಗೂ ಇದು ಅನ್ವಯ.
>
> ಬರೀ ಆಡಿದವರಿಗೆ: ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ.

ಕಟ್ಟೆಯ ಹುಡುಗರು ಹಿಡಿದುಕೊಂಡಿರುವುದು ಕೊನೆಯ ಸಾಲೊಂದನ್ನೇ. ಆಡಿದವನನ್ನು ಕಾಯ್ದೆ ನೊಂದವನೆಂದು ಕಂಡಿದೆ. ಅವನು ಮಾಡಿದ್ದು ಸರಿ ಎಂದು ಎಲ್ಲಿಯೂ ಹೇಳಿಲ್ಲ. ಹಳ್ಳಿಯಲ್ಲಿ ಬರೀ ಆಡುವವನು ಬಹಳ ದಿನ ಬರೀ ಆಡುವವನಾಗಿಯೂ ಉಳಿಯುವುದಿಲ್ಲ. ಸೋತ ರೊಕ್ಕ ತುಂಬಲು ಗೆಳೆಯರಿಗೆ ಐಡಿ ಕೊಡಿಸುತ್ತಾನೆ, ತಲೆಗಿಷ್ಟು ಎಂದು ಕಮಿಷನ್ ತೆಗೆದುಕೊಳ್ಳುತ್ತಾನೆ. ಆ ಗಳಿಗೆಯಿಂದ ಅವನು ಪೆಟ್ಟಿಗೆಯ ಮೊದಲ ಸಾಲಿಗೆ ಹತ್ತಿರವಾಗುತ್ತಾನೆ. ಅವನಿಗೆ ಅದರ ಗಂಧವೂ ಇರುವುದಿಲ್ಲ.

“ಆದ್ರ ಟ್ಯಾಕ್ಸ್ ಹಿಡೀತಿದ್ರಲ್ಲ ಕಾಕಾ? ಸರ್ಕಾರನ ಟ್ಯಾಕ್ಸ್ ತಗೊಂಡ ಮ್ಯಾಲ ಕಾಯ್ದೇಶೀರನ ಆತಲ್ಲ?”

ಇದು ಬಹಳ ಜನರಿಗೆ ಇರುವ ಭ್ರಮೆ. ಆನ್‌ಲೈನ್ ಆಟದ ಗೆಲುವಿಗೆ 30 ಪ್ರತಿಶತ ಆದಾಯ ತೆರಿಗೆ ಇದೆ, ಸಂದಾಯದ ಹೊತ್ತಿಗೇ ಮುರಿದುಕೊಳ್ಳುವ ನಿಯಮವೂ ಬಂತು. ಆದರೆ ತೆರಿಗೆ ಇಲಾಖೆ ಕೇಳುವುದು ಆದಾಯ ಬಂತೇ ಎಂದು. ಅಕ್ರಮ ದಂಧೆಯ ಆದಾಯಕ್ಕೂ ತೆರಿಗೆ ಬೀಳುತ್ತದೆ. ತೆರಿಗೆಯ ರಸೀದಿ ಪರವಾನಗಿ ಅಲ್ಲ.

ಇನ್ನು ಹೊರದೇಶದ ತಾಣಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಕಾಣುವ ‘ಕ್ಯುರಸಾವ್ ಪರವಾನಗಿ’. ಕ್ಯುರಸಾವ್ ಕೆರಿಬಿಯನ್ ಸಮುದ್ರದ ಒಂದು ನಡುಗಡ್ಡೆ. ಅಲ್ಲಿನ ಕಾಗದ ಜತ್ತದಲ್ಲಿ ನಡೆಯುವುದಿಲ್ಲ. ಲಾಟರಿ, ಸ್ವೀಪ್‌ಸ್ಟೇಕ್‌ನಂಥವುಗಳಿಗೆ ಹೊರದೇಶಕ್ಕೆ ಹಣ ಕಳಿಸುವುದನ್ನು ನಮ್ಮ ವಿದೇಶಿ ವಿನಿಮಯ ನಿಯಮಗಳು 2000ದಿಂದಲೇ ನಿಷೇಧಿಸಿವೆ. ಅದಕ್ಕೇ ರೊಕ್ಕ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ಮೊದಲು ನಮ್ಮಂಥದೇ ಯಾವುದೋ ಹಳ್ಳಿಯ ಯಾರದೋ ಖಾತೆಗೆ ಹೋಗುತ್ತದೆ.

> ತೊಂಬತ್ತು ಪೈಸೆಯ ಲೆಕ್ಕ
>
> ಟಾಸ್ ಮೇಲೆ 90 ಪೈಸೆ ಭಾವ ಎಂದುಕೊಳ್ಳಿ. ₹100 ಹಚ್ಚಿ ಗೆದ್ದರೆ ₹90 ಲಾಭ, ಸೋತರೆ ₹100 ನಷ್ಟ. 100 ಸಲ ಹಚ್ಚಿ 50 ಗೆದ್ದು 50 ಸೋತರೆ ಬಂದದ್ದು ₹4,500, ಹೋದದ್ದು ₹5,000. ಸರಿಸಮ ಆಡಿದರೂ ₹500 ಕೈಬಿಟ್ಟಿತು.
>
> 74 ಪಂದ್ಯಗಳ ಐಪಿಎಲ್‌ನಲ್ಲಿ ಟಾಸಿಗೆ ಮಾತ್ರ ₹500ರಂತೆ ಹಚ್ಚಿದರೆ ಒಟ್ಟು ₹37,000. ಸರಾಸರಿಯಲ್ಲಿ ₹1,850 ಬುಕ್ಕಿಯ ಪಾಲು. ಒಂದು ಪಂದ್ಯದಲ್ಲಿ ಹತ್ತಾರು ಸೆಷನ್ ಆಡುವವನ ಲೆಕ್ಕ ಇದರ ಎಷ್ಟೋ ಪಟ್ಟು.

ಬುಕ್ಕಿ ಬಾಗಿಲಿಗೆ ಬಂದರೆ

ಸೋತವರ ಮನೆಗಳಲ್ಲಿ ನಾನು ಕಂಡದ್ದು ಕಾಯ್ದೆಯ ಭಯವಲ್ಲ, ಬಾಕಿಯ ಭಯ. ಹೊಲ ಬರೆದುಕೊಡು ಎಂದು ಕೂತವರಿದ್ದಾರೆ. ದ್ರಾಕ್ಷಿ ಒಣಗಿಸಿ ಮಣೂಕ ಮಾರಿದ ರೊಕ್ಕ ಮನೆ ಮುಟ್ಟುವ ಮೊದಲೇ ದಾರಿಯಲ್ಲಿ ನಿಂತು ಇಸಿದುಕೊಂಡವರಿದ್ದಾರೆ. ಇಂಥ ಮನೆಯವರಿಗೆ ಒಂದು ವಿಷಯ ತಿಳಿದಿರಲೇಬೇಕು.

1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಕರಾರು ಅನೂರ್ಜಿತ. ಗೆದ್ದ ರೊಕ್ಕ ಕೊಡಿಸಿ ಎಂದು ಯಾರೂ ದಾವೆ ಹೂಡುವಂತಿಲ್ಲ. ಮುಂಬೈ ಪ್ರಾಂತದಲ್ಲಿ ಅದಕ್ಕೂ ಹಳೆಯದಾದ, ಇನ್ನೂ ಬಿಗಿಯಾದ 1865ರ ಕಾಯ್ದೆ ಇತ್ತು. ಜೂಜಿಗೆ ನೆರವಾಗಲೆಂದೇ ತಿಳಿದು ಮಾಡಿದ ಪಕ್ಕದ ಕರಾರುಗಳನ್ನೂ, ಜಾಮೀನನ್ನೂ ಅದು ಅನೂರ್ಜಿತ ಮಾಡಿತ್ತು. 1959ರ ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು: ದೇಶದ ಸಾಮಾನ್ಯ ಕಾಯ್ದೆಯಲ್ಲಿ ಪಣ ಅನೂರ್ಜಿತ, ಮುಂಬೈಯ ಕಾಯ್ದೆಯಲ್ಲಿ ಅದರ ಬಾಲಂಗೋಚಿಗಳೂ ಅನೂರ್ಜಿತ. ಬಾಗಿಲಿಗೆ ಬಂದು ಗದರುವವನ ಹಿಂದೆ ಯಾವ ಕೋರ್ಟೂ ಇಲ್ಲ. ಖಾಲಿ ಚೆಕ್ಕಿಗೆ, ಸ್ಟಾಂಪ್ ಪೇಪರಿಗೆ ಸಹಿ ಹಾಕುವ ಮೊದಲು ಒಬ್ಬ ವಕೀಲರ ಮುಂದೆ ಹೋಗಿ ಕೂರಿ. ಮರ್ಯಾದೆಗೆ ಅಂಜಿ ಹಾಕಿದ ಸಹಿಯೇ ಮುಂದೆ ಬೇರೆ ಸಾಲದ ಪತ್ರವಾಗಿ ತಿರುಗುತ್ತದೆ.

> ಕೈಗೆ ಬೇಕಾದ ಎರಡು ನಂಬರು
>
> 1930: ಸೈಬರ್ ವಂಚನೆಯ ದೂರಿಗೆ. ಹಣ ಹೋದ ಕೂಡಲೇ ಕರೆ ಮಾಡಿದಷ್ಟೂ ತಡೆಹಿಡಿಯುವ ಸಾಧ್ಯತೆ ಹೆಚ್ಚು.
>
> 14416: ಟೆಲಿ ಮಾನಸ್. ಮನಸ್ಸು ಕುಸಿದಾಗ, ಬದುಕು ಸಾಕೆನಿಸಿದಾಗ ಮಾತಾಡಲು. ಕನ್ನಡ, ಮರಾಠಿ ಎರಡರಲ್ಲೂ ಸಿಗುತ್ತದೆ, ಹಣ ಕೊಡಬೇಕಿಲ್ಲ.

ಬೆಟ್ಟಿಂಗ್ ಅನ್ನು ಕಾನೂನುಬದ್ಧ ಮಾಡಿ ಹದ್ದುಬಸ್ತಿನಲ್ಲಿಡಿ ಎನ್ನುವವರೂ ಇದ್ದಾರೆ, ಅವರ ಮಾತು ಹುಡುಗಾಟಿಕೆಯದಲ್ಲ. 2016ರಲ್ಲಿ, ಕ್ರಿಕೆಟ್ ಆಡಳಿತ ಸುಧಾರಣೆಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿ ಹಾಗೆಂದಿತು. 2018ರಲ್ಲಿ ಕಾನೂನು ಆಯೋಗದ 276ನೇ ವರದಿಯು ತಡೆಯಲಾಗದಿದ್ದರೆ ನಿಯಂತ್ರಿಸುವುದೇ ದಾರಿ ಎಂದಿತು. ಆ ವರದಿ ಇಟ್ಟ ಒಂದು ಷರತ್ತು ಮಾತ್ರ ನನಗೆ ಮರೆಯಲಾಗದು: ಸರ್ಕಾರದ ಸಬ್ಸಿಡಿ ಪಡೆಯುವವರಿಗೂ, ಆದಾಯ ತೆರಿಗೆಯ ವ್ಯಾಪ್ತಿಗೆ ಬಾರದವರಿಗೂ ಆಡಲು ಬಿಡಬಾರದು. ಜತ್ತದ ಹಳ್ಳಿಗಳಲ್ಲಿ ಆ ಷರತ್ತು ಹಾಕಿದರೆ ಆಡಲು ಎಷ್ಟು ಜನ ಉಳಿದಾರು?

ತಾಯಿಯ ಪಾಸ್‌ಬುಕ್

ಕಟ್ಟೆಯ ಹುಡುಗ ಮರುದಿನ ಬೆಳಿಗ್ಗೆ ನನ್ನನ್ನು ತನ್ನ ಗೆಳೆಯನ ಮನೆಗೆ ಕರೆದೊಯ್ದ. ಆ ಪ್ರಶ್ನೆ ಕೇಳಿದ್ದು ಅವನ ಸಲುವಾಗಿಯಂತೆ. ಅಂಗಳದಲ್ಲಿ ದಾಳಿಂಬೆ ತುಂಬುವ ಖಾಲಿ ಕ್ರೇಟುಗಳು, ಒಂದು ಮೂಲೆಗೆ ನಾಲ್ಕು ಕುರಿ. ತಾಯಿ ಚಹಾ ತಂದಿಟ್ಟು ಒಳಗಿನಿಂದ ಪಾಸ್‌ಬುಕ್ ತಂದರು. ಪ್ಲಾಸ್ಟಿಕ್ ಚೀಲದಲ್ಲಿ, ರೇಷನ್ ಕಾರ್ಡಿನ ಜೊತೆ, ಎರಡು ಸುತ್ತು ಸುತ್ತಿಟ್ಟಿದ್ದರು.

ಆ ಖಾತೆಗೆ ತಿಂಗಳಿಗೆ ₹1,500 ಲಾಡಕಿ ಬಹೀಣ್ ಯೋಜನೆಯ ಹಣ ಬರುತ್ತದೆ. ಗಡಿಯಾಚೆ ಇರುವ ಅವರ ತಂಗಿಗೆ ಗೃಹಲಕ್ಷ್ಮಿಯ ₹2,000. “ಆಕೀಗಿ ಐದನೂರು ಜಾಸ್ತಿ” ಎಂದು ಅಕ್ಕತಂಗಿಯರು ನಗುತ್ತಿದ್ದರಂತೆ.

ಮಗ ಆಡಿ ಸೋತಿದ್ದ. ಬಾಕಿ ಹೆಚ್ಚಾದಾಗ ಐಡಿ ಕೊಟ್ಟವನು ಒಂದು ದಾರಿ ಹೇಳಿದ. ಒಂದು ಖಾತೆ ಕೊಡು, ಎಟಿಎಂ ಕಾರ್ಡು ಕೊಡು, ಸಿಮ್ ಕೊಡು, ಬಾಕಿ ಮಾಫಿ, ಮೇಲೆ ತಿಂಗಳ ಬಾಡಿಗೆ. ಮಗನ ಖಾತೆಯಲ್ಲಿ ಬೆಳೆ ಸಾಲವಿತ್ತು. ಅವ್ವನದನ್ನು ಕೊಟ್ಟ.

ಮೂರು ವಾರ ಆ ಖಾತೆಯಲ್ಲಿ ಯಾರ್ಯಾರದೋ ರೊಕ್ಕ ಬಂತು, ಹೋಯಿತು. ಪಾಸ್‌ಬುಕ್ಕಿಗೆ ಮುದ್ರೆ ಹಾಕಿಸಿದಾಗ ಹನ್ನೊಂದು ಪುಟ ತುಂಬಿತು. ನಾನು ಪುಟ ತಿರುವಿದೆ. ₹500, ₹1,000, ₹2,000, ನಡುವೆ ಒಮ್ಮೆಲೇ ₹98,000. ಸಣ್ಣವು ಕಟ್ಟೆಗಳ ಮೇಲಿನ ಹುಡುಗರ ರೊಕ್ಕ. ದೊಡ್ಡದು ಬೇರೊಂದು ರಾಜ್ಯದಲ್ಲಿ ಯಾರೋ ವಂಚನೆಗೊಳಗಾಗಿ ಕಳೆದುಕೊಂಡದ್ದು. ಅವರು ದೂರು ಕೊಟ್ಟರು. ಆ ರೊಕ್ಕ ಹಾದುಹೋದ ಖಾತೆಗಳನ್ನೆಲ್ಲ ಪೊಲೀಸರು ತಡೆಹಿಡಿಸಿದರು.

“ನಾ ಆಡೇ ಇಲ್ಲಲ್ರಿ ಅಣ್ಣಾರ” ಎಂದರು ತಾಯಿ. “ಕ್ರಿಕೆಟ್ ಹೆಂಗ್ ಆಡ್ತಾರಂತನೂ ನನಗ ಗೊತ್ತಿಲ್ಲ.”

ಮಗ ಕ್ರೇಟಿನ ಮೇಲೆ ಕುಳಿತು ನೆಲ ನೋಡುತ್ತಿದ್ದ. ಆಡಿದ್ದಕ್ಕೆ ಅವನಿಗೆ ಹೊಸ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಖಾತೆ ಕೊಟ್ಟದ್ದಕ್ಕೆ ಉತ್ತರ ಹೇಳಬೇಕಾಗಿರುವುದು ಅವ್ವನ ಹೆಸರು. ಬ್ಯಾಂಕಿನಲ್ಲಿ ಕೊಟ್ಟ ಕಾಗದದ ಮೇಲಿದ್ದ ಪೊಲೀಸ್ ಠಾಣೆ ನೂರಾರು ಮೈಲಿ ದೂರದ್ದು. ಅಲ್ಲಿ ಅವರ ಕನ್ನಡವೂ ನಡೆಯುವುದಿಲ್ಲ, ಮರಾಠಿಯೂ ನಡೆಯುವುದಿಲ್ಲ. ಜತ್ತದಲ್ಲಿ ಒಬ್ಬ ವಕೀಲರನ್ನು ನೋಡಿದ್ದೇವೆ, ಖಾತೆ ಹೇಗೆ ಹೋಯಿತು ಎಂಬುದನ್ನು ಮಗನೇ ಬರೆದುಕೊಟ್ಟು ಸಹಿ ಮಾಡುತ್ತಾನೆ ಎಂದು ಹುಡುಗ ಹೇಳಿದ. ಮಗ ತಲೆಯಾಡಿಸಿದ.

ಹೊರಡುವಾಗ ತಾಯಿಯ ಫೋನು ಸದ್ದು ಮಾಡಿತು. ಅವರು ಅದನ್ನು ನನ್ನ ಕೈಗಿಟ್ಟು ಓದಿಸಿದರು. ₹1,500 ಜಮಾ ಆಗಿದೆ ಎಂದಿತ್ತು. ಖಾತೆಗೆ ಹಣ ಬರಲು ತಡೆ ಇಲ್ಲ, ತೆಗೆಯಲು ಮಾತ್ರ ತಡೆ. “ಇದು ಐದನೇದು” ಎಂದು ಎಣಿಸಿ ಹೇಳಿದ ಅವರು ಪಾಸ್‌ಬುಕ್ಕನ್ನು ಚೀಲದಲ್ಲಿ ಮತ್ತೆ ಎರಡು ಸುತ್ತು ಸುತ್ತಿದರು.